ಅಂಗಳದ ನಡಿಗೆ

ಎಡಗಡೆಯ ಹೆಂಗಸು ತುಂಬಿದ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುವ ಹೊತ್ತಿಗೆ ಸುಜಾತಾ ದೃಶ್ಯವನ್ನು ನಿಲ್ಲಿಸಿ, ಅವಳ ಹಿಮ್ಮಡಿಯ ಸುತ್ತ ಸಣ್ಣ ಚೌಕ ಎಳೆದಳು. ಬಲಗಡೆ ಇನ್ನೊಬ್ಬ ಹೆಂಗಸು. ಬೇರೆ ಸೀರೆ, ಬೇರೆ ಬೀದಿ, ಮುಖದ ತುಂಬ ಸೆರಗು. ಅವಳ ಹಿಮ್ಮಡಿಗೂ ಒಂದು ಚೌಕ. ಆಮೇಲೆ ಎರಡನ್ನೂ ಒಟ್ಟಿಗೆ ನಿಧಾನವಾಗಿ ಓಡಿಸಿ ನೋಡಿದಳು. ಹೆಜ್ಜೆ ಎತ್ತುವಾಗ ಇಬ್ಬರ ಎಡಪಾದವೂ ತುಸು ಹೊರಗೆ ತಿರುಗುತ್ತಿತ್ತು. ‘ಒಬ್ಬರೇ’ ಎಂಬ ಗುಂಡಿ ಒತ್ತಿದಳು. ಮುಂದಿನ ಜೋಡಿ ಬಂತು.

ಬೀದರದ ಚಿದ್ರಿ ಬಡಾವಣೆಯ ಆ ಕಟ್ಟಡದಲ್ಲಿ ಕೆಳಗೆ ಕಿರಾಣಿ ಅಂಗಡಿ, ಮೇಲೆ ಇವರ ಕಚೇರಿ. ಕ್ಯಾಮೆರಾ ಮಾಡುವ ಕಂಪನಿ ಇದ್ದದ್ದು ಹೈದರಾಬಾದಿನಲ್ಲಿ. ಅದಕ್ಕೆ ಮನುಷ್ಯರ ಗುರುತು ಕಲಿಸುವ ಕೆಲಸ ಮಾತ್ರ ಇಲ್ಲಿ ನಡೆಯುತ್ತಿತ್ತು. ಮುಖ ನೋಡಿ ಗುರುತು ಹಿಡಿಯುವ ಕ್ಯಾಮೆರಾಗಳು ಈಗ ಎಲ್ಲ ಕಡೆ ಬಂದಿವೆ. ಇವರು ತಯಾರಿಸುತ್ತಿದ್ದದ್ದು ಮುಖ ಕಾಣದಿದ್ದರೂ ನಡಿಗೆಯಿಂದ ಆಳನ್ನು ಹೇಳುವ ಕ್ಯಾಮೆರಾ. ಎರಡು ದೃಶ್ಯಗಳಲ್ಲಿ ಇರುವವರು ಒಬ್ಬರೇ ಅಥವಾ ಬೇರೆಯವರೇ ಎಂದು ಇಲ್ಲಿ ಕೂತ ಹೆಂಗಸರು ಹೇಳುತ್ತ ಹೋಗಬೇಕು. ಅವರು ಹೇಳಿದ್ದನ್ನು ನೋಡಿ ನೋಡಿ ಅದು ಕಲಿಯುತ್ತಿತ್ತು.

ಸೆರಗು ಹೊದ್ದ ಹೆಂಗಸರ ದೃಶ್ಯಗಳೆಲ್ಲ ಸುಜಾತಾಳ ಪಾಲಿಗೆ ಬರುತ್ತಿದ್ದವು. ಅವಳಷ್ಟು ತಪ್ಪಿಲ್ಲದೆ ಅವರನ್ನು ಗುರುತಿಸುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಅದು ಯಾರಿಂದಲೋ ಕಲಿತ ವಿದ್ಯೆಯಲ್ಲ. ಖಟಕ ಚಿಂಚೋಳಿಯಿಂದ ಬೀದರಕ್ಕೆ ಸೊಸೆಯಾಗಿ ಬಂದಾಗ ಗದ್ದದವರೆಗೆ ಸೆರಗು ಎಳೆದುಕೊಳ್ಳಬೇಕಾದ ಮನೆಯದು. ಸೆರಗಿನ ಕೆಳಗಿನಿಂದ ಕಾಣುವುದು ಮೊಣಕಾಲಿನಿಂದ ಕೆಳಗಿನ ಲೋಕ ಮಾತ್ರ. ಮಾವನ ಕಾಲು ಯಾವುದು, ಭಾವನದು ಯಾವುದು, ಅತ್ತೆ ಸಿಟ್ಟಿನಲ್ಲಿ ಬರುತ್ತಿದ್ದಾಳೋ ಸುಮ್ಮನೆ ಬರುತ್ತಿದ್ದಾಳೋ ಎಂಬುದನ್ನೆಲ್ಲ ಅವಳು ವರ್ಷಾನುಗಟ್ಟಲೆ ಪಾದಗಳಲ್ಲೇ ಓದಿದ್ದಳು. ಅತ್ತೆ ಗುರಮ್ಮ ತೀರಿಕೊಂಡ ಮೇಲೆ ಸೆರಗು ಹೆಗಲಿಗೆ ಇಳಿದಿತ್ತು. ನಲವತ್ತು ದಾಟಿದ ಮೇಲೆ, ಅಂಥದ್ದೊಂದು ಕಾಲದ ಕಲಿಕೆಗೆ ಯಾರೋ ಸಂಬಳ ಕೊಡುತ್ತಾರೆಂದರೆ ಅವಳಿಗೆ ಮೊದಲು ನಗು ಬಂದಿತ್ತು, ಆಮೇಲೆ ಹೆಮ್ಮೆಯಾಗಿತ್ತು.

ಪಕ್ಕದ ಕುರ್ಚಿಯ ಮುನವ್ವರ ಬೇಗಂಗೆ ಬುರ್ಖಾದವರ ದೃಶ್ಯಗಳು. ಕೆಲಸಕ್ಕೆ ಸೇರಿದಾಗಿನಿಂದ ಅವಳದು ಒಂದೇ ತಮಾಷೆ.

“ಈ ಕ್ಯಾಮೆರಾಕ್ಕ ನಾನು ಜಲ್ದಿ ಮಾಲೂಮ್ ಆಗ್ತೇನಿ ನೋಡ್ರಿ ಅಕ್ಕಾ. ನಮ್ಮ ಮನಿಯವರು ಮಾತ್ರ ಇನ್ನಾ ಬಜಾರದಾಗ ಬ್ಯಾರೆಯವರ ಹಿಂದ ಹೋಗಿ, ಚೀಲ ಇತ್ಲಾಗ ಕೊಡು ಅಂತಾರ.”

ಸುಜಾತಾ ನಗುತ್ತಿರುವಾಗಲೇ ಅಮಿತಕುಮಾರ ಚಹಾದ ಕಪ್ಪು ಹಿಡಿದುಕೊಂಡು ಬಂದ. ಕಚೇರಿಯ ಎಂಜಿನಿಯರ್ ಅವನು, ಹುಮನಾಬಾದ ಕಡೆಯವನು, ಹೆಂಗಸರ ಜೊತೆ ಮರ್ಯಾದೆಯಿಂದ ಮಾತಾಡುವವನು. ಕೆಲವು ವಾರಗಳಿಂದ ಅವನ ಮುಖ ಸಣ್ಣದಾಗಿತ್ತು. ಹೋದ ವರ್ಷ ಖಟಕ ಚಿಂಚೋಳಿಯ ಹೆಂಗಸರನ್ನು ನಡೆಸಿ, ಅವರ ನಡಿಗೆಯನ್ನು ಕ್ಯಾಮೆರಾಕ್ಕೆ ಕಲಿಸಿದ್ದರು. ಪರೀಕ್ಷೆಗೆಂದು ಭಾಲ್ಕಿಯ ಒಂದು ಪಾತ್ರೆ ಅಂಗಡಿಯ ಮುಂದೆ ಒಂದು, ಔರಾದದ ಒಂದು ಬಟ್ಟೆ ಅಂಗಡಿಯ ಮುಂದೆ ಒಂದು ಕ್ಯಾಮೆರಾ ಕೂಡಿಸಿದ್ದರು. ಅದೇ ಹೆಂಗಸರು ಸಂತೆಗೆ ಬಂದಾಗ ಭಾಲ್ಕಿಯ ಕ್ಯಾಮೆರಾದ ಮುಂದೆ ಹಾದು ಹೋಗುತ್ತಿದ್ದರು. ಅದು ಅವರಲ್ಲಿ ಒಬ್ಬರನ್ನೂ ಗುರುತಿಸುತ್ತಿರಲಿಲ್ಲ. ಗಂಡಸರ ಗುರುತು ಸರಿಯಾಗಿ ಹಿಡಿಯುತ್ತಿತ್ತು. ಹೀಗೇ ಆದರೆ ಸೆರಗಿನವರ ಭಾಗವನ್ನೇ ಕಂಪನಿ ಕೈಬಿಡುತ್ತದೆ, ಸರಿಯಾದರೆ ಆ ಭಾಗಕ್ಕೆ ಸುಜಾತಾಳನ್ನೇ ಮೇಲ್ವಿಚಾರಕಿ ಮಾಡುವ ಮಾತಿದೆ ಎಂದು ಅಮಿತಕುಮಾರ ಹೇಳಿದ. ಗುರುತು ಸಿಗದವರ ದೃಶ್ಯಗಳನ್ನು ಒಮ್ಮೆ ನೀವೇ ನೋಡಿರಿ, ಏನಾದರೂ ಹೊಳೆದೀತು ಎಂದು ಕೇಳಿಕೊಂಡ.

ಮಧ್ಯಾಹ್ನದ ಊಟದ ಡಬ್ಬಿ ತೊಳೆದಿಟ್ಟು ಬಂದು ಅವಳು ಅವನ್ನು ತೆರೆದಳು. ಮೊದಲು ಭಾಲ್ಕಿ. ಆಮೇಲೆ ಔರಾದ. ಅಂಗಡಿಯ ಮುಂದೆ ಬಿಸಿಲು, ಎಮ್ಮೆ, ಸೋಡಾ ಗಾಡಿ. ಚೂಡಿದಾರ ತೊಟ್ಟು, ಧೂಳಿಗೆ ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡ ಒಬ್ಬ ಹೆಂಗಸು ಬಟ್ಟೆಯ ಗಂಟನ್ನು ಸೊಂಟಕ್ಕೆ ಇಟ್ಟುಕೊಂಡು ಬರುತ್ತಿದ್ದಳು. ಇನ್ನೊಂದು ಕೈಯನ್ನು ಹೊಲದಲ್ಲಿ ನಡೆಯುವವರ ಹಾಗೆ ಬೀಸುತ್ತಿದ್ದಳು. ಉದ್ದುದ್ದ ಹೆಜ್ಜೆ. ದಾರಿಗೆ ಬಿದ್ದಿದ್ದ ಒಂದು ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವಳ ತಲೆಯ ಮೇಲೆ ಕೆಂಪು ಚೌಕ ಮೂಡಿ, ‘ಅಪರಿಚಿತ’ ಎಂದು ಬರೆದುಕೊಂಡಿತು.

ಸುಜಾತಾಳಿಗೆ ಅದು ರಾಧಿಕಾ ಎಂದು ಗೊತ್ತಾಗಲು ಎರಡನೆಯ ಸಲ ನೋಡಬೇಕಾಗಲಿಲ್ಲ.

ರಾಧಿಕಾ ಅವಳ ತಮ್ಮ ಜ್ಞಾನೇಶ್ವರನ ಹೆಂಡತಿ. ಚಳಿಗಾಲ ಮುಗಿಯುವ ಹೊತ್ತಿಗೆ ಖಟಕ ಚಿಂಚೋಳಿಯ ಮನೆಯಿಂದ ಹೋದವಳು ಎಲ್ಲಿದ್ದಾಳೆಂದು ಯಾರಿಗೂ ತಿಳಿದಿರಲಿಲ್ಲ. ತವರು ಠಾಣಾ ಕುಶನೂರದಲ್ಲಿ ಇಲ್ಲಿಗೆ ಬಂದಿಲ್ಲವೆಂದರು. ಯಾರ ಜೊತೆಗೋ ಹೋದಳೆಂದು ಓಣಿ ಒಂದಿಷ್ಟು ದಿನ ಆಡಿಕೊಂಡಿತು. ಯಾರ ಜೊತೆಯೂ ಹೋಗಿರಲಿಲ್ಲ. ಕ್ಯಾಮೆರಾದ ಮುಂದೆ ಅವಳು ಒಬ್ಬಳೇ ನಡೆದು ಬರುತ್ತಿದ್ದಳು. ಹೊಲಿಗೆ ಕೊಡುವ ಅಂಗಡಿಗೆ ಬಟ್ಟೆಯ ಗಂಟು ತರುತ್ತಿದ್ದಳು.

ಈ ನಡಿಗೆಯನ್ನು ಸುಜಾತಾ ಒಂದೇ ಒಂದು ಸಲ ನೋಡಿದ್ದಳು. ತಮ್ಮನಿಗೆ ಹೆಣ್ಣು ನೋಡಲು ಠಾಣಾ ಕುಶನೂರಕ್ಕೆ ಹೋದಾಗ ಬಸ್ಸು ಬೇಗ ಸಿಕ್ಕು, ಹೇಳಿದ ಹೊತ್ತಿಗಿಂತ ಮೊದಲೇ ಮುಟ್ಟಿದ್ದರು. ಊರ ಹೊರಗೆ ತೊಗರಿ ಹೊಲದ ಬದುವಿನ ಮೇಲೆ ಒಂದು ಹುಡುಗಿ ತಲೆಯ ಮೇಲೆ ಮೇವಿನ ಹೊರೆ ಇಟ್ಟುಕೊಂಡು, ಕೈ ಬೀಸುತ್ತ, ಕಾಲಿಗೆ ಸಿಕ್ಕ ಹೆಂಟೆಯನ್ನು ಒದೆಯುತ್ತ ಹೋಗುತ್ತಿದ್ದಳು. ಆಮೇಲೆ ಅದೇ ಹುಡುಗಿ ಚಹಾದ ತಟ್ಟೆ ಹಿಡಿದು, ಗೇಣಿನಷ್ಟೇ ಹೆಜ್ಜೆ ಇಡುತ್ತ ಇವರ ಮುಂದೆ ಬಂದಳು. ಆ ಎರಡು ನಡಿಗೆ ಒಬ್ಬಳವೇ ಎಂದು ಸುಜಾತಾಳಿಗೆ ಅವತ್ತು ಒಳಗೊಳಗೇ ಮೋಜೆನಿಸಿತ್ತು. ಹುಡುಗಿ ಒಪ್ಪಿಗೆಯಾಗಿದ್ದಾಳೆ ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅವಳೇ.

ಅವಳು ಹೋದ ವರ್ಷ ತವರಿನ ಅಂಗಳದಲ್ಲಿ ತೆಗೆದ ದೃಶ್ಯವನ್ನು ತೆರೆದಳು. ಮಾದರಿಗಳಿಗೆ ಹೆಸರು ಇರಲಿಲ್ಲ, ಅಂಕಿ ಮಾತ್ರ. ಯಾವ ಅಂಕಿ ಯಾರದೆಂಬುದು ಅವತ್ತು ಪಕ್ಕದಲ್ಲಿ ನಿಂತಿದ್ದ ಸುಜಾತಾಳಿಗಷ್ಟೇ ಗೊತ್ತು. ಮಾದರಿ ತೆಗೆಯಲು ತವರಿನ ಅಂಗಳವನ್ನು ಆರಿಸಿದವಳೂ ಅವಳೇ. ಫರಸಿ ಕಲ್ಲು ಹಾಸಿದ ದೊಡ್ಡ ಅಂಗಳ, ಒಳ್ಳೆಯ ಬೆಳಕು, ಪರಿಚಯದ ಜನ. ಅವಳ ಮಾತಿಗೆ ಓಣಿಯ ಸೊಸೆಯಂದಿರೆಲ್ಲ ಬಂದಿದ್ದರು. ಒಬ್ಬೊಬ್ಬರಾಗಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು, ಕಂಪನಿ ಕೊಟ್ಟ ಸ್ಟೀಲಿನ ಡಬ್ಬಿ ತೆಗೆದುಕೊಂಡು ಹೋಗಿದ್ದರು.

ಪರದೆಯ ಮೇಲೆ ರಾಧಿಕಾ ಬಂದಳು. ಬರಿಗಾಲು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದಳು. ಆ ಮನೆಯಲ್ಲಿ ಸೊಸೆಯಂದಿರು ಹಿರಿಯರ ಮುಂದೆ ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ. ಬಾಗಿದ ತಲೆ, ಮೈಗೆ ಅಂಟಿದ ಮೊಣಕೈ, ಸೆರಗಿನ ತುದಿ ಹಿಡಿದ ಎರಡು ಬೆರಳು, ಸಪ್ಪಳ ಆಗದ ಹಾಗೆ ಮೊದಲು ಬೆರಳು ಊರಿ ಆಮೇಲೆ ಹಿಮ್ಮಡಿ ಇಳಿಸುವ ಹೆಜ್ಜೆ. ದೃಶ್ಯದ ಅಂಚಿನಲ್ಲಿ ಕಟ್ಟೆಯ ಮೇಲೆ ಕೂತವರ ಕಾಲುಗಳು ಕಾಣುತ್ತಿದ್ದವು. ಅದರಲ್ಲಿ ಅವ್ವನ ಕಾಲುಗಳೂ ಇದ್ದವು.

ರಾಧಿಕಾಳ ಹಿಂದೆ ಬಂದವಳೂ ಹಾಗೆಯೇ ನಡೆದಳು. ಅವಳ ಹಿಂದಿನವಳೂ. ಸುಜಾತಾ ಒಬ್ಬೊಬ್ಬರನ್ನೂ ನೋಡುತ್ತ ಹೋದಳು. ಅವ್ವ ಭೀಮಬಾಯಿ ಮತ್ತು ಓಣಿಯ ಅತ್ತೆಯರು, ಮಾವಂದಿರು ಕಟ್ಟೆ ತುಂಬ ಕೂತು ನೋಡುತ್ತಿರುವಾಗ ಯಾವ ಸೊಸೆ ತನ್ನ ನಡಿಗೆ ನಡೆದಾಳು? ಕ್ಯಾಮೆರಾಕ್ಕೆ ಸಿಕ್ಕದ್ದು ಅಂಗಳದ ನಡಿಗೆ. ಅದೇ ಹೆಂಗಸರು ಭಾಲ್ಕಿಯ ಸಂತೆಯಲ್ಲಿ, ನೋಡುವವರಿಲ್ಲದ ಕಡೆ, ತಮ್ಮ ಕಾಲಿನಲ್ಲಿ ನಡೆಯುತ್ತಿದ್ದರು. ಕ್ಯಾಮೆರಾ ಅವರನ್ನು ಎಂದೂ ನೋಡಿರಲೇ ಇಲ್ಲ.

ಇಷ್ಟು ಸರಳವಾದದ್ದು ಅವತ್ತು ತನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸಿದಳು. ಅದರ ಉತ್ತರ ಹಿತವಾಗಿರಲಿಲ್ಲ. ಅವತ್ತು ಅವಳಿಗೆ ಅದು ಹೆಂಗಸರ ನಡಿಗೆಯೆಂದೇ ಕಂಡಿತ್ತು.

ಏನಾದರೂ ಹೊಳೆಯಿತೇ ಎಂದು ಅಮಿತಕುಮಾರ ಸಂಜೆ ಕೇಳಿದ. ಇನ್ನೂ ನೋಡಬೇಕು ಎಂದಳು. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಆದರೆ ಹೇಳಿದರೆ ಮುಂದೆ ಆಗುವುದೂ ಅವಳಿಗೆ ಕಾಣುತ್ತಿತ್ತು. ಬೇರೆ ಜಾಗದಲ್ಲಿ, ಹಿರಿಯರಿಲ್ಲದ ಕಡೆ ಆ ಹೆಂಗಸರನ್ನು ಮತ್ತೆ ನಡೆಸುತ್ತಾರೆ. ಕ್ಯಾಮೆರಾಕ್ಕೆ ಎರಡು ನಡಿಗೆಯ ನಡುವಿನ ದಾರಿ ಗೊತ್ತಾಗುತ್ತದೆ. ಆಮೇಲೆ ಔರಾದದ ‘ಅಪರಿಚಿತ’ಳ ಮೇಲಿನ ಕೆಂಪು ಚೌಕ ಹಸಿರಾಗಿ, ರಾಧಿಕಾಳ ಅಂಕಿ ಮೂಡುತ್ತದೆ.

ಮರುದಿನ ರಜೆ. ಜ್ಞಾನೇಶ್ವರ ಚಿದ್ರಿಯಲ್ಲಿನ ಅವಳ ಮನೆಗೆ ಬಂದ. ಅವನದು ಭಾಲ್ಕಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಊರಲ್ಲಿ ಕುರಿ, ಮಳೆ ನಂಬಿದ ಹೊಲ. ಸುಜಾತಾಳ ಗಂಡ ಓಂಪ್ರಕಾಶ ಅವನ ಜೊತೆ ಸೋಯಾ ಬಿತ್ತನೆಯ ಮಾತಾಡಿ ಪೇಟೆಗೆ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು. ಅವನು ತಟ್ಟೆಯಲ್ಲಿದ್ದ ಚುರುಮುರಿಯ ಸುಸಲಾ ತಿನ್ನುತ್ತ ಮೊಬೈಲು ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದ. ಏನು ನೋಡುತ್ತೀ ಎಂದು ಅವಳು ಕೇಳಿದಾಗ ಮೊಬೈಲನ್ನು ಅವಳ ಕಡೆ ತಿರುಗಿಸಿದ. ಖಟಕ ಚಿಂಚೋಳಿಯ ಅಂಗಳ. ಕಟ್ಟೆಯ ಮೇಲೆ ಅವ್ವ ಒಬ್ಬಳೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಆ ಕ್ಯಾಮೆರಾ ಸುಜಾತಾ ಕೊಟ್ಟದ್ದು. ಎರಡು ವರ್ಷದ ಹಿಂದೆ ಊರಲ್ಲಿ ಕುರಿಗಳ ಕಳವು ಹೆಚ್ಚಾದಾಗ ಕಂಪನಿಯ ನೌಕರರಿಗೆ ಕಡಿಮೆ ಬೆಲೆಗೆ ಸಿಗುವ ಒಂದನ್ನು ತಂದು, ದೊಡ್ಡಿಯ ಕಡೆ ಮುಖ ಮಾಡಿ ಕೂಡಿಸಿದ್ದಳು. ಕೆಲವು ತಿಂಗಳಲ್ಲಿ ಅದರ ಮುಖ ಅಂಗಳಕ್ಕೆ ತಿರುಗಿತು. ಭಾಲ್ಕಿಯ ಅಂಗಡಿಯಲ್ಲಿ ಕೂತ ಜ್ಞಾನೇಶ್ವರನಿಗೆ ಗಿರಾಕಿ ಇಲ್ಲದಾಗಲೆಲ್ಲ ಮನೆಯ ಅಂಗಳ ನೋಡುವ ಚಾಳಿಯಾಯಿತು. ನೋಡಿ ಫೋನು ಮಾಡುವುದು. ಬಾಗಿಲಲ್ಲಿ ಯಾಕೆ ಅಷ್ಟು ಹೊತ್ತು ನಿಂತಿದ್ದಿ. ಪಕ್ಕದ ಮನೆಯ ಹೆಂಗಸು ಏನು ಹೇಳುತ್ತಿದ್ದಳು. ಕೊಡ ಇಳಿಸಿ ಯಾರ ಕಡೆ ನೋಡಿದಿ. ಇದರಲ್ಲಿ ಬೈಗುಳ ಇರಲಿಲ್ಲ, ಬರೀ ಪ್ರಶ್ನೆ. ಮಕ್ಕಳಿಲ್ಲದ ಆ ಮನೆಯಲ್ಲಿ ಹೆಂಡತಿಯ ಜೊತೆ ಅವನು ಆಡುವ ಮಾತೆಂದರೆ ಅಷ್ಟೇ ಆಗಿತ್ತಂತೆ.

ಇದೆಲ್ಲ ಅವಳಿಗೆ ತಿಳಿದದ್ದು ರಾಧಿಕಾ ಹೋದ ಮೇಲೆ. ತಿಳಿಯುವ ಅವಕಾಶ ಮೊದಲೇ ಬಂದಿತ್ತು. ಮಾದರಿ ತೆಗೆದ ದಿನ ತನ್ನನ್ನು ಬಿಟ್ಟುಬಿಡಿ ಎಂದು ರಾಧಿಕಾ ಕೇಳಿಕೊಂಡಿದ್ದಳು. ಮನೆಯ ಸೊಸೆಯೇ ನಡೆಯದಿದ್ದರೆ ಓಣಿಯವರು ಏನಂದಾರು ಎಂದು ಸುಜಾತಾ ಒತ್ತಾಯ ಮಾಡಿದ್ದಳು. ಕೆಲಸ ಮುಗಿದು ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ರಾಧಿಕಾ ರೊಟ್ಟಿಯ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದ್ದಳು:

“ಅಕ್ಕಾ, ಅಂಗಳದ ಕ್ಯಾಮೆರಾದ ಮಾರಿ ಮತ್ತ ಕುರಿ ಕಡಿ ಹೊಳ್ಳಸ್ಲಿಕ್ಕ ಅವರಿಗಿ ಒಂದ್ ಮಾತು ಹೇಳ್ರಿ.”

“ಯಾಕ, ನೀ ಏನ್ ಕಳವು ಮಾಡ್ಲತ್ತೀ?” ಎಂದು ಸುಜಾತಾ ನಕ್ಕಿದ್ದಳು.

ರಾಧಿಕಾಳೂ ನಕ್ಕಿದ್ದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಹೊರಗೆ ಅಮಿತಕುಮಾರ ಕರೆದನೆಂದು ಸುಜಾತಾ ಎದ್ದು ಹೋಗಿದ್ದಳು.

“ಅಕ್ಕಾ, ನಿಮ್ಮ ಕಂಪನಿ ಕ್ಯಾಮೆರಾಕ್ಕ ಅಕಿ ನಡಿಗಿ ಗೊತ್ತದಲ್ಲ,” ಎಂದ ಜ್ಞಾನೇಶ್ವರ ತಟ್ಟೆ ಕೆಳಗಿಟ್ಟು. “ನಮ್ಮ ಅಂಗಳದಾಗೇ ತಗೊಂಡೀರಿ. ಎಲ್ಲೆರ ಒಂದ್ ಕಡಿ ಕಂಡಿರ್ತಾಳ. ಜರಾ ನೋಡಿ ಹೇಳು.”

“ಕಂಡ್ರ ಏನ್ ಮಾಡ್ತಿ?”

“ಏನ್ ಮಾಡ್ತೇನಿ. ಮನಿಗಿ ಕರ್ಕೊಂಡ್ ಬರ್ತೇನಿ.”

“ಅಕಿ ಬರಂಗಿಲ್ಲ ಅಂದ್ರ?”

“ಯಾಕ ಬರಂಗಿಲ್ಲ? ಖರೆ ಹೇಳು, ನಾ ಒಂದಿನೆರ ಅಕಿ ಮ್ಯಾಲ ಕೈ ಎತ್ತೀನೇನು? ಉಣ್ಣಲಿಕ್ಕ ತಿನ್ನಲಿಕ್ಕ ಕಡಿಮಿ ಮಾಡೀನೇನು?”

ಅದು ನಿಜವಾಗಿತ್ತು. ಅವನು ಬಹಳ ಇಳಿದುಹೋಗಿದ್ದ. ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿ ಕಾಣುತ್ತಿತ್ತು. ಚಿಕ್ಕವನಿದ್ದಾಗ ಇವಳ ಸೊಂಟದ ಮೇಲೆ ಕೂತು ಬೆಳೆದವನು. ಹೇಳಿಬಿಡಬೇಕೆಂದು ಅವಳಿಗೆ ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಔರಾದದಲ್ಲಿದ್ದಾಳೆ, ಹೋಗಿ ಮಾತಾಡು, ನಾನೂ ಬರುತ್ತೇನೆ ಎಂದು. ಆಗ ಅವನು ಮೊಬೈಲಿನಲ್ಲಿನ ಅಂಗಳವನ್ನು ಇನ್ನೊಮ್ಮೆ ನೋಡಿ, ಕಿಸೆಯಲ್ಲಿಟ್ಟುಕೊಳ್ಳುತ್ತ ಹೇಳಿದ:

“ಈ ಸಲ ಹಿತ್ತಲ ಬಾಗಲಿಗೂ ಒಂದು ಕೂಡಸ್ತೇನಿ. ಅಲ್ಲಿಂದೇ ಹೋಗ್ಯಾಳ ಅಕಿ. ನಿಮ್ಮಲ್ಲಿ ಕಡಿಮಿಗಿ ಸಿಗ್ತಾವಲ್ಲ?”

ಬಾಗಿಲಿಗೆ ಹೊಸ ಚಿಲಕ ಹಾಕಿಸುವ ಮಾತಿನಷ್ಟು ಸಹಜವಾಗಿ ಹೇಳಿದ. ಸಿಟ್ಟಾಗಲಿ ಕೇಡಾಗಲಿ ಆ ದನಿಯಲ್ಲಿರಲಿಲ್ಲ. ಸುಜಾತಾ ಅವನ ತಟ್ಟೆ, ಚಹಾದ ಕಪ್ಪು ಎತ್ತಿಕೊಂಡಳು. ನೋಡುತ್ತೇನೆ ಎಂದು ಹೇಳಿ ಕಳಿಸಿದಳು. ಅವನು ಅದನ್ನು ಹುಡುಕುತ್ತೇನೆ ಎಂದು ತಿಳಿದುಕೊಂಡು ಹೋದ.

ಅದಾದ ಮೇಲೆ ಅವಳು ಮಾಡಬಾರದ ಕೆಲಸವೆಂದರೆ ಔರಾದಕ್ಕೆ ಹೋಗುವುದು. ಆದರೆ ಕ್ಯಾಮೆರಾ ಕೂಡಿಸಿದ ಎತ್ತರ, ಬೆಳಕು ನೋಡಿ ಬರೋಣ, ಸೆರಗಿನವರ ನಡಿಗೆ ಬಲ್ಲವರು ಜೊತೆಗಿದ್ದರೆ ಒಳ್ಳೆಯದು ಎಂದು ಅಮಿತಕುಮಾರ ಕೇಳಿದಾಗ ಅವಳು ಒಲ್ಲೆ ಎನ್ನಲಿಲ್ಲ. ರಾಧಿಕಾ ವಾರದ ಯಾವ ದಿನ ಬಟ್ಟೆಗೆ ಬರುತ್ತಾಳೆಂದು ದೃಶ್ಯಗಳಲ್ಲಿ ನೋಡಿಕೊಂಡು, ಅದೇ ದಿನವನ್ನು ತಾನೇ ಸೂಚಿಸಿದಳು. ಒಂದು ಸಲ ಕಂಡು, ಕ್ಯಾಮೆರಾದ ಮಾತಿಗೆ ನಕ್ಕದ್ದು ತಪ್ಪಾಯಿತು ಎಂದು ಹೇಳಬೇಕೆಂಬ ಆಸೆ. ಬಸ್ಸಿನಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಹೇಗೆ ಹೇಗೋ ಜೋಡಿಸಿ ನೋಡಿದಳು. ಸಂತಪುರ ದಾಟುವಾಗ ಅದು ಒಂದು ಹದಕ್ಕೆ ಬಂದಂತೆ ಅನಿಸಿತು.

ಜಹೀರೋದ್ದೀನನ ಬಟ್ಟೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಹಂಗಾಮು. ಹೊಲಿಯುವ ಹೆಂಗಸರಿಗೆ ಬಟ್ಟೆ ಅಳೆದು ಕೊಡುತ್ತ, ಹೊಲಿದು ತಂದದ್ದನ್ನು ನೋಡಿ ಇಟ್ಟುಕೊಳ್ಳುತ್ತ ಅವನು ಇವರನ್ನು ಕೂಡಿಸಿ ಚಹಾ ತರಿಸಿದ. ಕ್ಯಾಮೆರಾ ಇಟ್ಟ ಮೇಲೆ ಗಿರಾಕಿಗಳು ಅಂಗಡಿಗೆ ಬಂದು ಬಟ್ಟೆ ನೋಡುವುದು ಬಿಟ್ಟು ತಲೆ ಬಾಚಿಕೊಳ್ಳುತ್ತಾರೆಂದು ದೂರಿದ. ಗಲ್ಲಾದ ಪಕ್ಕದ ಪರದೆಯಲ್ಲಿ ಬೀದಿ ಕಾಣುತ್ತಿತ್ತು. ಅಮಿತಕುಮಾರ ಅದರ ಮುಂದೆ ಕೂತ. ಸುಜಾತಾ ಸೆಕೆಯ ನೆವ ಮಾಡಿಕೊಂಡು ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಳು.

ರಾಧಿಕಾ ಬಂದಳು. ದೂರದಿಂದಲೇ ಅದೇ ಉದ್ದ ಹೆಜ್ಜೆ, ಅದೇ ಬೀಸುವ ಕೈ. ಪರದೆಯಲ್ಲಿ ನೋಡಿದ್ದಕ್ಕಿಂತ ಮೈ ತುಂಬಿಕೊಂಡಿದ್ದಳು. ದಾರಿಯಲ್ಲಿ ಯಾರೋ ಏನೋ ಕೇಳಿದ್ದಕ್ಕೆ ನಿಲ್ಲದೆಯೇ ತಿರುಗಿ ಉತ್ತರ ಕೊಟ್ಟಳು. ಸುಜಾತಾಳಿಗೆ ಕರೆಯಬೇಕೆನಿಸಿತು. ಬಾಯಿ ತೆರೆಯುವ ಮೊದಲೇ ರಾಧಿಕಾ ತಲೆಯೆತ್ತಿ ಮೆಟ್ಟಿಲ ಕಡೆ ನೋಡಿದಳು.

ಆಗ ಆದದ್ದನ್ನು ಸುಜಾತಾ ಕಣ್ಣಾರೆ ಕಂಡಳು. ಬೀಸುತ್ತಿದ್ದ ಕೈ ನಿಂತು ಮೈಗೆ ಅಂಟಿತು. ತಲೆ ಬಾಗಿತು. ಎರಡು ಬೆರಳು ಓಢಣಿಯ ಅಂಚನ್ನು ಹಿಡಿದು ಹಣೆಯ ಮೇಲೆ ಇನ್ನಷ್ಟು ಎಳೆದವು. ಕಾಲಲ್ಲಿ ಚಪ್ಪಲಿ ಇದ್ದರೂ ಹೆಜ್ಜೆ ಬೆರಳಿನ ಮೇಲೆ ಬಂದು, ಆಮೇಲೆ ಹಿಮ್ಮಡಿಗೆ ಇಳಿಯಿತು. ಓಡಿಹೋಗಲಿಲ್ಲ. ಗಂಡನ ಅಕ್ಕನ ಮುಂದೆ ಓಡುವುದು ಆ ಕಾಲಿಗೆ ಗೊತ್ತಿರಲಿಲ್ಲ. ಔರಾದದ ನಡುಬೀದಿಯಲ್ಲಿ, ಸೋಡಾ ಗಾಡಿಯ ಪಕ್ಕದಲ್ಲಿ, ರಾಧಿಕಾ ಖಟಕ ಚಿಂಚೋಳಿಯ ಅಂಗಳವನ್ನು ದಾಟುತ್ತಿದ್ದಳು. ಕಟ್ಟೆಯ ಮೇಲೆ ಕೂತವಳು ಈಗ ಸುಜಾತಾ.

ಒಳಗಿನಿಂದ ಅಮಿತಕುಮಾರನ ದನಿ ಕೇಳಿತು. “ಮೇಡಂ, ಹಿಡೀತ್ರಿ. ಇಲ್ಲಿ ಬರ್ರಿ ಜಲ್ದಿ.”

ಅವಳು ತಿರುಗಿ ನೋಡಿದಳು. ಪರದೆಯ ಮೇಲೆ ಹಸಿರು ಚೌಕ, ಅದರ ಮೇಲೆ ರಾಧಿಕಾಳ ಅಂಕಿ.

ರಾಧಿಕಾ ಮೆಟ್ಟಿಲು ಹತ್ತಿ, ಅವಳ ಪಕ್ಕಕ್ಕೆ ಬಂದು ನಿಂತಳು. ಓಢಣಿಯ ನಡುವೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಆ ಕಣ್ಣುಗಳು ಸುಜಾತಾಳ ಹಿಂದೆ, ಅಂಗಡಿಯ ಒಳಗೆ ಹುಡುಕುತ್ತಿದ್ದವು.

“ಅಕ್ಕಾ, ಅವರೂ ಬಂದಾರೇನ್ರಿ?”

“ಇಲ್ಲ. ನಾ ಆಫೀಸಿನ ಕೆಲಸಕ್ಕ ಬಂದೀನಿ.”

ರಾಧಿಕಾ ಗಂಟನ್ನು ಸೊಂಟದಿಂದ ತೋಳಿಗೆ ಇಳಿಸಿಕೊಂಡಳು. ಆಮೇಲೆ ಬಹಳ ಮೆಲ್ಲಗೆ, ಹಿಟ್ಟು ನಾದುತ್ತ ಕೇಳಿದ ಅದೇ ದನಿಯಲ್ಲಿ ಕೇಳಿದಳು:

“ಹೇಳ್ತೀರೇನ್ರಿ ಅವರಿಗಿ?”

ಬಸ್ಸಿನಲ್ಲಿ ಸುಜಾತಾ ಜೋಡಿಸಿಕೊಂಡದ್ದು ಈ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಇಲ್ಲ ಎಂಬ ಎರಡಕ್ಷರ ಸಾಕಾಗುತ್ತಿತ್ತು. ಅದನ್ನು ಹೇಳಲು ಅವಳು ತುಟಿ ತೆರೆಯುವ ಹೊತ್ತಿಗೆ ಅಮಿತಕುಮಾರ ಬಾಗಿಲಿಗೇ ಬಂದು, ಈ ಮೇಡಂ ಚಿಂಚೋಳಿಯವರೇ ಏನು ಎಂದು ಖುಷಿಯಿಂದ ಕೇಳಿದ. ಸುಜಾತಾ ಅವನ ಕಡೆ ತಿರುಗಿ, ಗೊತ್ತಿಲ್ಲ, ದಾರಿ ಕೇಳುತ್ತಿದ್ದರು ಎಂದಳು. ಮತ್ತೆ ಈ ಕಡೆ ನೋಡಿದಾಗ ರಾಧಿಕಾ ಗಂಟನ್ನು ಜಹೀರೋದ್ದೀನನ ಮುಂದಿನ ಕಟ್ಟೆಯ ಮೇಲಿಟ್ಟು, ಹೊಸ ಬಟ್ಟೆಯನ್ನೂ ತೆಗೆದುಕೊಳ್ಳದೆ, ಪಕ್ಕದ ಬಾಗಿಲಿನಿಂದ ಇಳಿದು ಹೋಗುತ್ತಿದ್ದಳು. ಗಲ್ಲಿಯ ತಿರುವಿನ ತನಕ ಅವಳ ಹೆಜ್ಜೆ ಸಣ್ಣದಾಗಿಯೇ ಇತ್ತು. ತಿರುವಿನ ಆಚೆ ಏನಾಯಿತೋ ಸುಜಾತಾಳಿಗೆ ಕಾಣಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಮಿತಕುಮಾರ ಹುರುಪಿನಲ್ಲಿದ್ದ. ಇಷ್ಟು ದಿನ ಗುರುತು ಹಿಡಿಯದ ಕ್ಯಾಮೆರಾ ಇವತ್ತು ಒಬ್ಬಳನ್ನು ಯಾಕೆ ಹಿಡಿಯಿತು ಎಂಬುದೊಂದು ಗೊತ್ತಾದರೆ ಸಾಕು, ಉಳಿದವರೂ ಸಿಗುತ್ತಾರೆ ಎಂದ. ಬೆಳಕಿನ ದೆಸೆಯಿಂದಲೋ, ನಡುವೆ ಗಾಡಿ ಅಡ್ಡ ಬಂದದ್ದರಿಂದಲೋ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕಿದ. ಬೇಕಿದ್ದರೆ ಚಿಂಚೋಳಿಯವರನ್ನು ಇನ್ನೊಮ್ಮೆ ನಡೆಸೋಣ, ಎಲ್ಲಿ ನಡೆಸಬೇಕೆಂದು ನೀವೇ ಹೇಳಿರಿ ಎಂದೂ ಸೇರಿಸಿದ.

“ನಾಳಿ ಆ ಜೋಡಿ ನಿಮ್ಮ ಕಡಿನೇ ಬರ್ತದ್ರಿ ಮೇಡಂ. ನೀವು ‘ಒಬ್ಬರೇ’ ಅಂದ್ರಂದ್ರ ಅಲ್ಲಿಂದ ಹಿಡದು ಮುಂದಿಂದು ಅದಕ್ಕ ಕಲಿಸ್ತೇನಿ. ಅದು ನಿಮ್ಮ ಮಾತೇ ನಂಬ್ತದ.”

ಸುಜಾತಾ ಕಿಟಕಿಯ ಕಡೆ ತಿರುಗಿದಳು. ಕೆಂಪು ಮಣ್ಣಿನ ಹೊಲಗಳಲ್ಲಿ ಬಿತ್ತನೆ ನಡೆದಿತ್ತು. ಕೂರಿಗೆಯ ಹಿಂದೆ ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಅಷ್ಟು ದೂರದಿಂದ ಅವರು ಯಾರ ಸೊಸೆಯೂ ಆಗಿ ಕಾಣುತ್ತಿರಲಿಲ್ಲ. ರಾಧಿಕಾ ಈ ಹೊತ್ತಿಗೆ ತನ್ನ ಬಾಡಿಗೆಯ ಕೋಣೆಯಲ್ಲಿ ಬಟ್ಟೆಬರೆ ಕಟ್ಟಿಕೊಳ್ಳುತ್ತಿರಬಹುದು ಎಂದು ಯೋಚಿಸಿದಳು. ಸುಖವಾಗಿ ನಡೆಯಲು ಸಿಕ್ಕಿದ್ದ ಒಂದು ಊರನ್ನೂ ತಾನು ಬಂದು ಕಸಿದುಕೊಂಡಂತಾಯಿತು. ಅದಕ್ಕೆ ಈಗ ಮಾಡುವುದು ಏನೂ ಉಳಿದಿರಲಿಲ್ಲ. ಹೇಳುವುದಿಲ್ಲ ಎಂದು ತಿಳಿಸಲು ಅವಳ ಬಳಿ ರಾಧಿಕಾಳ ವಿಳಾಸವಿಲ್ಲ, ನಂಬರಿಲ್ಲ. ಹುಡುಕಿಕೊಂಡು ಹೋದರೆ ಮತ್ತೆ ಅದೇ ಆಗುತ್ತದೆ. ಇವಳನ್ನು ಕಂಡ ಕಡೆಯಲ್ಲೆಲ್ಲ ರಾಧಿಕಾಳ ಕಾಲು ಅಂಗಳಕ್ಕೆ ಮರಳುತ್ತದೆ.

ಕೈಚೀಲದಲ್ಲಿ ಮೊಬೈಲು ಸದ್ದು ಮಾಡಿತು. ಜ್ಞಾನೇಶ್ವರ. ಎತ್ತಿಕೊಂಡಳು. ಏನಾದರೂ ಕಂಡಿತೇ ಎಂದು ಅವನು ಕೇಳಿದ. ಇಲ್ಲಪ್ಪ, ಎಲ್ಲೂ ಕಂಡಿಲ್ಲ ಎಂದಳು. ಅವ್ವನ ಮೊಣಕಾಲು ನೋವು ಹೇಗಿದೆ, ಎಣ್ಣೆ ಹಚ್ಚುತ್ತಿದ್ದಾಳೋ ಇಲ್ಲವೋ ಎಂದು ವಿಚಾರಿಸಿದಳು. ಉತ್ತರ ಕೊಡುವಾಗ ಅವನ ದನಿ ಕುಗ್ಗಿತ್ತು.

ಮೊಬೈಲು ಒಳಗಿಟ್ಟು ಕೂತಾಗ ಅವಳಿಗೆ ನಾಳೆಯ ಬೆಳಗು ಸ್ಪಷ್ಟವಾಗಿ ಕಂಡಿತು. ಎಡಗಡೆ ಅಂಗಳದ ರಾಧಿಕಾ, ಬಲಗಡೆ ಔರಾದದ ರಾಧಿಕಾ. ಹೆಜ್ಜೆಗೆ ಹೆಜ್ಜೆ ಕೂಡುವ ಜೋಡಿ. ಅವಳು ‘ಬೇರೆಯವರು’ ಎಂಬ ಗುಂಡಿ ಒತ್ತುತ್ತಾಳೆ. ಭಾಲ್ಕಿಯವರ ಜೋಡಿಗಳು ಬಂದರೂ ಅದನ್ನೇ ಒತ್ತುತ್ತಾಳೆ. ಮತ್ತೆ ಮಾದರಿ ತೆಗೆಯಲು ಜಾಗ ಕೇಳಿದರೆ ಆಯಾ ಮನೆಯ ಅಂಗಳವೇ ಒಳ್ಳೆಯದು, ಅತ್ತೆ ಮಾವಂದಿರು ಕೂತಿದ್ದರೆ ಸೊಸೆಯಂದಿರಿಗೆ ಧೈರ್ಯ ಎಂದು ಹೇಳುತ್ತಾಳೆ. ಮೇಲ್ವಿಚಾರಕಿಯ ಹುದ್ದೆ ಹೋಗುತ್ತದೆ. ಸೆರಗಿನವರ ಭಾಗವನ್ನು ಕಂಪನಿ ಕೈಬಿಟ್ಟರೆ ತನ್ನ ಕಣ್ಣಿಗಿದ್ದ ಬೆಲೆಯೂ ಹೋಗುತ್ತದೆ. ಹೋಗಲಿ.

ಅಮಿತಕುಮಾರ ಹುರಿದ ಶೇಂಗಾದ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದು, ಏನು ಯೋಚನೆ ಮಾಡುತ್ತಿದ್ದೀರಿ ಎಂದು ಕೇಳಿದ. ಏನಿಲ್ಲ ಎಂದಳು. ಒಂದು ಹಿಡಿ ಶೇಂಗಾ ತೆಗೆದುಕೊಂಡು, ಸಿಪ್ಪೆ ಬಿಡಿಸಿ ತಿನ್ನತೊಡಗಿದಳು.